ಏರ್‌ಗನ್ ಮನೆಗೆ ತರುವ ಮೊದಲು

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆ. ನಾಲ್ಕು ಎಕರೆ ಹೊಲ. ಎರಡೂವರೆ ಎಕರೆಯಲ್ಲಿ ಗೋವಿನಜೋಳ, ಉಳಿದದ್ದರಲ್ಲಿ ಸೂರ್ಯಪಾನ ಹಾಕುತ್ತೇವೆ. ಹೋದ ವರ್ಷ ಕಾಳು ಹಾಲುಗಟ್ಟುವ ಹೊತ್ತಿಗೆ ಗಿಣಿಗಳು ಹಿಂಡುಹಿಂಡಾಗಿ ಇಳಿದು ಬದುವಿನ ಕಡೆಯ ಸಾಲುಗಳನ್ನೆಲ್ಲ ಬರಿದು ಮಾಡಿದವು. ಮೊಳಕೆ ಏಳುವಾಗ ನವಿಲಿನ ಕಾಟ ಬೇರೆ. ಬೀಜ, ಗೊಬ್ಬರದ ಸಾಲ ಇನ್ನೂ ತೀರಿಲ್ಲ. ಹುಬ್ಬಳ್ಳಿಯಲ್ಲಿರುವ ನಮ್ಮ ಸೋದರಮಾವನ ಮಗ ಏರ್‌ಗನ್ ಕೊಡಿಸುತ್ತೇನೆ, ಅದಕ್ಕೆ ಲೈಸೆನ್ಸ್ ಬೇಕಿಲ್ಲ ಅನ್ನುತ್ತಾನೆ. ಪೆಲೆಟ್ ಚೂಪು ಮೂತಿಯದು ಒಳ್ಳೆಯದೋ, ದುಂಡು ಮೂತಿಯದೋ? ಹಕ್ಕಿ ಒದ್ದಾಡದೆ ಒಂದೇ ಏಟಿಗೆ ಬೀಳಬೇಕಾದರೆ ಎಲ್ಲಿಗೆ ಗುರಿ ಇಡಬೇಕು? ಅಪ್ಪ ಮಾತ್ರ, ಬಂದೂಕು ಮನೆಗೆ ಬಂದರೆ ನಾನು ಹೊಲದ ಕಡೆ ತಲೆಹಾಕುವುದಿಲ್ಲ ಎಂದು ಪಟ್ಟು ಹಿಡಿದಿದ್ದಾರೆ. ಏನು ಮಾಡಲಿ?
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಹಾಲುಗಾಳು ಹಿಡಿದ ತೆನೆಯನ್ನು ಗಿಣಿ ಒಂದಿಷ್ಟು ತಿಂದು ಉಳಿದದ್ದನ್ನು ಹಾಳುಗೆಡವಿ ಮುಂದಿನ ತೆನೆಗೆ ಹಾರುವುದನ್ನು ಕಂಡವರಿಗೆ ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಅದು ಹಸಿದ ಹೊಟ್ಟೆಗೆ ತಿಂದದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು. ಸಾಲ ಹೊತ್ತವನಿಗೆ ಅದನ್ನು ನೋಡುತ್ತ ನಿಲ್ಲುವುದು ಸುಲಭವಲ್ಲ. ಆದರೂ ನಿಮ್ಮ ಪತ್ರದಲ್ಲಿ 'ಒದ್ದಾಡದೆ' ಎಂದು ಬರೆದಿದ್ದೀರಿ. ಆ ಕಾಳಜಿ ನಿಮ್ಮಲ್ಲಿರುವುದರಿಂದಲೇ ನಾನು ನೇರವಾಗಿ ಹೇಳಬಲ್ಲೆ: ಗಿಣಿಗೂ ನವಿಲಿಗೂ ಹೊಂದುವ ಪೆಲೆಟ್ ಯಾವುದೂ ಇಲ್ಲ, ಗುರಿ ಇಡುವ ಜಾಗವೂ ಇಲ್ಲ. ಏರ್‌ಗನ್ ತರಬೇಡಿ.

ಮೊದಲು ಕಾನೂನಿನ ಮಾತು. ನಿಮ್ಮ ಮಾವನ ಮಗ ಹೇಳಿದ್ದರಲ್ಲಿ ಅರ್ಧ ನಿಜವಿದೆ. 2016ರ ಆಯುಧ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ನಳಿಕೆಯ, 20 ಜೌಲ್ ಶಕ್ತಿಯನ್ನು ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಅದು ಬಂದೂಕನ್ನು ಇಟ್ಟುಕೊಳ್ಳುವ ಮಾತಾಯಿತು. ಹಕ್ಕಿಗೆ ಹೊಡೆಯುವುದನ್ನು ನೋಡಿಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದಕ್ಕೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಹಿಂದೆ ಕಾಗೆ, ಹಣ್ಣುಬಾವಲಿ, ಇಲಿಗಳನ್ನು ಉಪದ್ರವದ ಪ್ರಾಣಿಗಳೆಂದು ಸೇರಿಸಿದ್ದ ಐದನೆಯ ಅನುಸೂಚಿ ಈಗ ಇಲ್ಲ. ಗಿಣಿ ಎರಡನೆಯ ಅನುಸೂಚಿಯಲ್ಲಿದೆ, ನವಿಲು ಮೊದಲನೆಯದರಲ್ಲಿ. ಕಾಯ್ದೆಯ ಲೆಕ್ಕದಲ್ಲಿ ಹಕ್ಕಿ ಸತ್ತರೆ ಮಾತ್ರ ಬೇಟೆಯಲ್ಲ, ಹೊಡೆಯಲು ಯತ್ನಿಸಿದರೂ ಬೇಟೆಯೇ. ಗಿಣಿಯ ವಿಷಯದಲ್ಲಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ನವಿಲಿಗಾದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಸಾಲ ತೀರಿಸಲು ಹೊರಟ ಮನೆ ಕೋರ್ಟು, ವಕೀಲರೆಂದು ಅಲೆಯುವಂತಾಗುತ್ತದೆ.

ಬೆಳೆ ಹಾಳಾಗುತ್ತಿದ್ದರೂ ಕಾನೂನು ರೈತನಿಗೆ ಏನೂ ಕೊಟ್ಟಿಲ್ಲವೆ ಎಂದು ನೀವು ಕೇಳಬಹುದು. ಕೊಟ್ಟಿದೆ, ಆದರೆ ಬಂದೂಕನ್ನು ನಿಮ್ಮ ಕೈಗೆ ಕೊಟ್ಟಿಲ್ಲ. ಎರಡನೆಯ ಅನುಸೂಚಿಯ ಪ್ರಾಣಿ ನಿಂತ ಬೆಳೆಗೆ ಹಾನಿ ಮಾಡುತ್ತಿದ್ದರೆ, ಕಾಯ್ದೆಯ 11ನೆಯ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಕಾರಣ ಬರೆದು ಅದರ ಬೇಟೆಗೆ ಲಿಖಿತ ಆದೇಶ ಹೊರಡಿಸಬಹುದು. ಮೊದಲನೆಯ ಅನುಸೂಚಿಯ ನವಿಲಿಗೆ ಬೆಳೆಹಾನಿಯ ಕಾರಣಕ್ಕೆ ಆ ದಾರಿಯೂ ಇಲ್ಲ. ನಿಮ್ಮ ಜಿಲ್ಲೆಯ ಬಂಕಾಪುರದ ಕೋಟೆಯೇ ನವಿಲುಧಾಮ ಅನ್ನುವುದು ನಿಮಗೆ ಗೊತ್ತೇ ಇದೆ.

ಇನ್ನು ಪೆಲೆಟ್ಟಿನ ವಿಷಯ. ನೀವು ಕೇಳಿದ್ದರಿಂದ ವಿವರವಾಗಿಯೇ ಹೇಳುತ್ತೇನೆ. ಚಪ್ಪಟೆ ಮೂತಿಯ ಪೆಲೆಟ್ ಕಾಗದದ ಗುರಿಹಲಗೆಗೆಂದೇ ಇದೆ, ಅದು ಅಂಚು ಹರಿಯದ ದುಂಡನೆಯ ತೂತು ಕೊರೆಯುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಎಲ್ಲರೂ ಬಳಸುವುದು ಇದನ್ನೇ. ದುಂಡು ಮೂತಿಯದು ಗಾಳಿಯನ್ನು ಚೆನ್ನಾಗಿ ಸೀಳಿ ದೂರದವರೆಗೂ ನೇರವಾಗಿ ಹೋಗುತ್ತದೆ. ಚೂಪು ಮೂತಿಯದು ನೋಡಲು ಭಯಂಕರ, ಆದರೆ ಗುರಿಯ ನಿಖರತೆಯಲ್ಲಿ ಅನೇಕ ಸಲ ದುಂಡನೆಯದಕ್ಕಿಂತ ಹಿಂದೆ. ಮೂತಿ ಹೇಗೇ ಇರಲಿ, ಅದು ಅರ್ಧ ಗ್ರಾಮ್ ಆಸುಪಾಸಿನ ಸೀಸದ ಚೂರು. ಹೋದಷ್ಟು ದೂರ ಅದರ ವೇಗ ಇಳಿಯುತ್ತದೆ, ಸ್ವಲ್ಪ ಗಾಳಿ ಬೀಸಿದರೂ ಪಕ್ಕಕ್ಕೆ ಸರಿಯುತ್ತದೆ. ಗಿಣಿಯ ಉದ್ದದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಬಾಲ. ಒಂದೇ ಏಟಿಗೆ ಜೀವ ಹೋಗುವ ಜಾಗ ನಾಣ್ಯದಷ್ಟಗಲ, ಅದೂ ತೂಗಾಡುವ ದಂಟಿನ ಮೇಲೆ, ಒಂದು ಕ್ಷಣ ಸುಮ್ಮನಿರದ ಹಕ್ಕಿಯಲ್ಲಿ. ವರ್ಷಗಟ್ಟಲೆ ಅಭ್ಯಾಸ ಮಾಡಿದವನಿಗೂ ಅದು ಪ್ರತಿಸಲ ಸಿಗುವುದಿಲ್ಲ. ತಪ್ಪಿದ ಪೆಲೆಟ್ ರೆಕ್ಕೆಗೋ ಹೊಟ್ಟೆಗೋ ತಾಗುತ್ತದೆ. ಹಕ್ಕಿ ಹಾರಿಹೋಗುತ್ತದೆ, ಪಕ್ಕದ ಬೇಲಿಯಲ್ಲಿ ದಿನಗಟ್ಟಲೆ ನರಳಿ ಸಾಯುತ್ತದೆ. ನವಿಲಿನ ದಪ್ಪ ಪುಕ್ಕ, ದೊಡ್ಡ ಮೈಗೆ ಬಿದ್ದರಂತೂ ಗಾಯವಲ್ಲದೆ ಬೇರೇನೂ ಆಗದು. ನೀವು ಬೇಡವೆಂದ ಒದ್ದಾಟವೇ ಇದರಿಂದ ಹೆಚ್ಚಾಗಿ ಆಗುವುದು.

ಹೊಲದಲ್ಲಿ ಮನುಷ್ಯರೂ ಇರುತ್ತಾರೆ. ತಪ್ಪಿದ ಪೆಲೆಟ್ ಜೋಳದ ಸಾಲಿನಾಚೆ ಯಾರಿದ್ದಾರೆಂದು ಕೇಳುವುದಿಲ್ಲ. ಕಳೆ ತೆಗೆಯುವ ಹೆಣ್ಣುಮಕ್ಕಳಿರಲಿ, ಎಮ್ಮೆ ಮೇಯಿಸುವ ಹುಡುಗನಿರಲಿ, ಕಣ್ಣಿಗೆ ಬಿದ್ದರೆ ಆ ಕಣ್ಣು ಹೋದಂತೆಯೇ. ಇನ್ನೊಂದು, ಸೀಸ ವಿಷ. ಗಾಯಗೊಂಡ ಹಕ್ಕಿಯನ್ನು ತಿಂದ ಹದ್ದಿನ ಮೈಗೂ ಅದು ಸೇರುತ್ತದೆ. ಪೆಲೆಟ್ ಮುಟ್ಟಿದ ಕೈಯಲ್ಲಿ ಊಟ ಮಾಡಿದರೆ ನಮ್ಮ ಮೈಗೂ ಸೇರುತ್ತದೆ.

ಬೆಳೆಯ ಲೆಕ್ಕಕ್ಕೆ ಬಂದರೂ ಬಂದೂಕು ಕೆಲಸಕ್ಕೆ ಬಾರದು ಅನ್ನುವುದೇ ನನಗೆ ಮುಖ್ಯ. ಗಿಣಿ ದೂರದ ಮರಗಳಲ್ಲಿ ದೊಡ್ಡ ಗುಂಪಾಗಿ ರಾತ್ರಿ ಕಳೆದು ಬೆಳಿಗ್ಗೆ ಸುತ್ತಲ ಊರುಗಳಿಗೆ ಹರಡಿಕೊಳ್ಳುತ್ತದೆ. ಇವತ್ತು ನಾಲ್ಕು ಬಿದ್ದರೆ ನಾಳೆ ಇನ್ನೊಂದು ಹಿಂಡು ಬಂದು ಕೂರುತ್ತದೆ. ನೀವು ಸೋಲಿಸಬೇಕಾದದ್ದು ಗಿಣಿಗಳ ಸಂಖ್ಯೆಯನ್ನಲ್ಲ, ಬೆಳೆಯನ್ನು ಅಪಾಯವಿರುವ ಕೆಲವೇ ವಾರ ದಾಟಿಸಬೇಕು. ಗೋವಿನಜೋಳದಲ್ಲಿ ಅದು ಹಾಲುಗಾಳಿನಿಂದ ಕಾಳು ಗಟ್ಟಿಯಾಗುವವರೆಗೆ. ಸೂರ್ಯಪಾನದಲ್ಲಿ ಕಾಳು ಕಟ್ಟಿದಾಗಿನಿಂದ ಕೊಯ್ಲಿನವರೆಗೆ, ಸುಮಾರು ಮೂರು ನಾಲ್ಕು ವಾರ. ಆ ದಿನಗಳಲ್ಲೂ ಹಕ್ಕಿ ಹೆಚ್ಚಾಗಿ ಇಳಿಯುವುದು ಹೊತ್ತು ಮೂಡಿದ ಮೇಲಿನ ಒಂದೆರಡು ಗಂಟೆ, ಮತ್ತೆ ಸಂಜೆ ಹೊತ್ತು. ಹಿಂದಿನವರು ಹೊಲದ ನಡುವೆ ಅಟ್ಟ ಕಟ್ಟಿ, ಕವಣೆ ಹಿಡಿದು, ಡಬ್ಬ ಬಡಿದು ಕಾಯುತ್ತಿದ್ದದ್ದು ಇದೇ ಹೊತ್ತಿನಲ್ಲಿ. ಅವರು ಕವಣೆಯ ಕಲ್ಲನ್ನು ಹಕ್ಕಿಗೆ ಎಸೆಯುತ್ತಿರಲಿಲ್ಲ, ಹಿಂಡಿನಾಚೆ ಎಸೆದು ಎಬ್ಬಿಸುತ್ತಿದ್ದರು.

ಹಾಲುಗಾಳು ಹಿಡಿಯುತ್ತಿದ್ದಂತೆ ಮಿನುಗು ಪಟ್ಟಿ ಕಟ್ಟಿ. ಒಂದು ಬದಿ ಬೆಳ್ಳಿ ಬಣ್ಣ, ಇನ್ನೊಂದು ಬದಿ ಕೆಂಪು ಇರುವ ಪ್ಲಾಸ್ಟಿಕ್ ಪಟ್ಟಿ ಗೊಬ್ಬರದಂಗಡಿಗಳಲ್ಲೇ ಸಿಗುತ್ತದೆ. ಗೂಟ ನೆಟ್ಟು, ಪೈರಿಗಿಂತ ಒಂದಡಿ ಮೇಲೆ, ಎರಡು ಮೂರು ತಿರುವು ಕೊಟ್ಟು, ಉತ್ತರ ದಕ್ಷಿಣವಾಗಿ ಎಳೆದು ಕಟ್ಟಿದರೆ ಬೆಳಗಿನ ಬಿಸಿಲೂ ಸಂಜೆಯ ಬಿಸಿಲೂ ಅದರ ಮೇಲೆ ಬಿದ್ದು ಹೊಳೆಯುತ್ತದೆ, ಗಾಳಿಗೆ ಗುಂಯ್ ಎನ್ನುತ್ತದೆ. ಹೂವಾಡುವಾಗಲೇ ಕಟ್ಟಿಬಿಡಬೇಡಿ. ಗಿಣಿ ಜಾಣ ಹಕ್ಕಿ, ಕೆಲವೇ ದಿನದಲ್ಲಿ ಹೆದರಿಕೆ ಬಿಡುತ್ತದೆ. ಬೆದರುಗೊಂಬೆಯನ್ನೂ ಅಷ್ಟೇ, ಎರಡು ದಿನಕ್ಕೊಮ್ಮೆ ಜಾಗ ಬದಲಿಸಿ, ಅಂಗಿ ಬದಲಿಸಿ. ಗೋವಿನಜೋಳದ ಬದುವಿನ ಕಡೆಯ ಮೂರ್ನಾಲ್ಕು ಸಾಲುಗಳಲ್ಲಿ ತೆನೆಯ ಪಕ್ಕದ ಹಸಿರು ಎಲೆಯನ್ನೇ ತೆನೆಗೆ ಸುತ್ತಿ ಸಿಗಿಸಿದರೆ ಹಕ್ಕಿಯ ಕಣ್ಣಿಗೆ ತೆನೆ ಕಾಣುವುದಿಲ್ಲ. ಖರ್ಚಿಲ್ಲದ ಕೆಲಸ, ಮನೆಯವರೆಲ್ಲ ಸೇರಿದರೆ ಬೇಗ ಮುಗಿಯುತ್ತದೆ. ಹೋದ ವರ್ಷ ನಿಮಗೆ ಹಾನಿಯಾದದ್ದೂ ಅದೇ ಸಾಲುಗಳಲ್ಲಿ.

ಸೂರ್ಯಪಾನದ ತೆನೆಯ ಬೆನ್ನು ನಿಂಬೆಹಳದಿಗೆ ತಿರುಗಿದ ಮೇಲೆ ಹೊಲದಲ್ಲಿ ಒಣಗಲೆಂದು ಬಿಡಬೇಡಿ. ಕೊಯ್ದು ಕಣದಲ್ಲಿ ಒಣಗಿಸಿ, ಹಕ್ಕಿಗೆ ಸಿಗುವ ದಿನಗಳನ್ನು ಅಷ್ಟು ಕಡಿಮೆ ಮಾಡಿದಂತಾಯಿತು. ಇದೆಲ್ಲಕ್ಕಿಂತ ದೊಡ್ಡ ಉಪಾಯ ಬಿತ್ತನೆಯಲ್ಲಿದೆ. ಸುತ್ತಲ ಹೊಲಗಳಿಗಿಂತ ಮುಂಚೆಯೋ ತಡವಾಗಿಯೋ ಕಾಳು ಕಟ್ಟುವ ಒಂಟಿ ಹೊಲವೇ ಇಡೀ ಹಿಂಡಿನ ಊಟವಾಗುವುದು. ಅಕ್ಕಪಕ್ಕದವರೆಲ್ಲ ಮಾತಾಡಿಕೊಂಡು ಒಂದೇ ವಾರದಲ್ಲಿ ಬಿತ್ತಿದರೆ ಹಾನಿ ಹಂಚಿಹೋಗುತ್ತದೆ, ಕಾವಲನ್ನೂ ಪಾಳಿ ಹಾಕಿಕೊಳ್ಳಬಹುದು. ಇದನ್ನು ಊರಲ್ಲಿ ಮಾತಿಗೆ ತರುವ ಕೆಲಸ ನಿಮ್ಮ ವಯಸ್ಸಿನವರೇ ಮಾಡಬೇಕು.

ನವಿಲು ಹೊಲಕ್ಕೆ ಹೆಚ್ಚಾಗಿ ನಡೆದೇ ನುಗ್ಗುತ್ತದೆ. ಬಿತ್ತಿದ ಮೇಲೆ ಕುಂಟೆ ಹೊಡೆದು ಬೀಜ ಮೇಲೆ ಕಾಣದಂತೆ ಮುಚ್ಚಿ. ಪೈರು ಗಟ್ಟಿಯಾಗುವವರೆಗೆ, ಮೊದಲ ಎರಡು ಮೂರು ವಾರ, ಹಳೆಯ ಸೀರೆಗಳನ್ನು ಬದುವಿಗೆ ಸುತ್ತ ಕಟ್ಟಿ. ಬಲೆ ಕಟ್ಟುವುದಾದರೆ ಬಿಗಿಯಾಗಿ ಕಟ್ಟಿ, ಜೋಲುವ ಬಲೆಯಲ್ಲಿ ಹಾವು, ಹಕ್ಕಿ ಸಿಕ್ಕಿ ಸಾಯುತ್ತವೆ. ಸದ್ದು ಮಾಡಿ ಹಕ್ಕಿ ಓಡಿಸುವ ಪಿವಿಸಿ ಪೈಪಿನ ಕಾರ್ಬೈಡ್ ಗನ್ ಬೇಡವೇ ಬೇಡ, ಅದು ಸಿಡಿದು ಕಣ್ಣು ಕಳೆದುಕೊಂಡವರಿದ್ದಾರೆ. ಕಾಳಿಗೆ ವಿಷ ಬೆರೆಸಿಡಲು ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ. ಅದೂ ಅಪರಾಧ, ಅದನ್ನು ನಿಮ್ಮ ನಾಯಿಯೂ ತಿನ್ನಬಹುದು.

ಅಪ್ಪನ ಪಟ್ಟಿನ ಬಗ್ಗೆ ಒಂದು ಮಾತು. ಅವರನ್ನು ಹಳೆಯ ಕಾಲದವರೆಂದು ತಳ್ಳಿಹಾಕಬೇಡಿ. ಶೀಗಿ ಹುಣ್ಣಿಮೆಗೆ ನೈವೇದ್ಯದ ಅಡುಗೆಯನ್ನು ಹೊಲಕ್ಕೆ ಚರಗವಾಗಿ ಚೆಲ್ಲುತ್ತ ಬೆಳೆದವರು ಅವರು. ಹಕ್ಕಿಯಿಂದ ಹೊಲಕ್ಕೆ ಉಪಕಾರವೂ ಇದೆ. ಕಡಲೆ ಹೊಲದಲ್ಲಿ ಕಾಯಿಕೊರಕ ಹುಳುವನ್ನು ಹೆಕ್ಕಿ ತಿನ್ನುವ ಕಾಜಾಣ, ಗೊರವಂಕಗಳಿಗಾಗಿ ಗೂಟ ನೆಡಿ ಎಂದು ಇವತ್ತಿನ ಕೃಷಿ ವಿಜ್ಞಾನಿಗಳೂ ಹೇಳುತ್ತಾರೆ. ಬಂದೂಕಿಗೆ ಹೆದರಿ ಆ ಹಕ್ಕಿಗಳೂ ಹೊಲ ಬಿಟ್ಟು ಹೋಗಬಹುದು. ಹಕ್ಕಿ ಕಾಯುವ ಕೆಲಸ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕವಣೆ ಹೆಣೆಯುವುದನ್ನು, ಅಟ್ಟ ಎಲ್ಲಿ ಹಾಕಬೇಕೆಂಬುದನ್ನು ಅವರನ್ನೇ ಕೇಳಿ.

ನಿಮ್ಮ ಜಿಲ್ಲೆಯಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಬಿತ್ತನೆಗೆ ಮುಂಚೆ ಹೋಗಿ ಹಕ್ಕಿಕಾಟ ಕಡಿಮೆಯಿರುವ ತಳಿಗಳ ಬಗ್ಗೆ ವಿಚಾರಿಸಿ. ತೆನೆ ಬಾಗಿ ಕೆಳಮುಖವಾಗುವ ಸೂರ್ಯಪಾನದ ಮೇಲೆ ಗಿಣಿಗೆ ಕೂತು ತಿನ್ನುವುದು ಕಷ್ಟ. ಈ ಸಲ ಹಾನಿಯಾದರೆ ಅದೇ ದಿನ ಫೋಟೊ ತೆಗೆದು, ಪಹಣಿ ಜೊತೆಗಿಟ್ಟು, ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪರಿಹಾರ ಸಿಗುತ್ತದೆಯೋ ಇಲ್ಲವೋ ಅವರು ತಿಳಿಸುತ್ತಾರೆ. ಹತ್ತು ರೈತರು ಒಟ್ಟಿಗೆ ಕೊಟ್ಟ ಅರ್ಜಿಗೆ ಕಚೇರಿಯಲ್ಲಿ ತೂಕ ಹೆಚ್ಚು.