ಗೆರೆಯಂಚಿನ ಓಟಗಾರ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯವರಾದ ನಮಗೆ ಕಾಲ್ಚೆಂಡಾಟದ ಪರಿಚಯ ಕಡಿಮೆಯೆಂದೇ ಹೇಳಬೇಕು. ಇಲ್ಲಿ ‘ಆಟ’ವೆಂದರೆ ಹಿರಿಯರಿಗೆ ಮೊದಲು ನೆನಪಾಗುವುದು ಯಕ್ಷಗಾನ. ಶಾಲೆಯ ಬಯಲಿನಲ್ಲಿ ವಾಲಿಬಾಲಿನ ಬಲೆಯಿರುತ್ತದೆ, ಕಬಡ್ಡಿಯ ಅಂಕಣವಿರುತ್ತದೆ, ಕೊಯ್ಲು ಮುಗಿದ ಗದ್ದೆಯಲ್ಲಿ ಕ್ರಿಕೆಟ್ ಇದ್ದೇ ಇದೆ. ಆಗುಂಬೆ, ಹುಲಿಕಲ್ಲುಗಳ ಮಳೆಯನ್ನು ಕಂಡವರು ಆಷಾಢ ಶ್ರಾವಣಗಳಲ್ಲಿ ಮೈದಾನದ ಮಾತೆತ್ತುವುದಿಲ್ಲ. ಸೋಜಿಗವೆಂದರೆ, ಮಳೆ ಬಂದರೂ ನಿಲ್ಲಿಸದೆ ಆಡುವ ಆಟ ಕಾಲ್ಚೆಂಡಾಟವೇ! ಅದು ನಮ್ಮಲ್ಲಿ ಏಕೆ ಬೇರೂರಲಿಲ್ಲವೆಂಬುದು ಬೇರೆಯೇ ಲೇಖನಕ್ಕೆ ತಕ್ಕ ವಿಷಯ. ಇಲ್ಲಿ ಆ ಆಟದ ಒಂದು ಸ್ಥಾನವನ್ನೂ, ಆ ಸ್ಥಾನದಲ್ಲಿ ನಿಂತು ಬದುಕು ಕಟ್ಟಿಕೊಂಡ ಒಬ್ಬ ಆಟಗಾರನನ್ನೂ ಕುರಿತು ಬರೆಯಲು ಹೊರಟಿದ್ದೇನೆ.

ಆ ಸ್ಥಾನಕ್ಕೆ ವಿಂಗರ್ ಎಂದು ಹೆಸರು. ತಂಡದ ಹನ್ನೊಂದು ಮಂದಿಯಲ್ಲಿ ಈತ ಮೈದಾನದ ಎಡ ಅಥವಾ ಬಲ ಅಂಚಿನ ಸುಣ್ಣದ ಗೆರೆಯನ್ನು ಹಿಡಿದು ಆಡುವವನು. ಮೈದಾನದ ಉದ್ದ ಸುಮಾರು ನೂರು ಮೀಟರು. ಎದುರಾಳಿಯ ರಕ್ಷಕನನ್ನು ಓಟದಲ್ಲಿ ಹಿಂದೆ ಹಾಕಿ, ತುದಿಯವರೆಗೆ ಚೆಂಡನ್ನು ಒಯ್ದು, ಅಲ್ಲಿಂದ ಗೋಲಿನ ಮುಂದಕ್ಕೆ ದಾಟಿಸಿಕೊಡುವುದು ಅವನ ಮುಖ್ಯ ಕೆಲಸ. ಚೆಂಡು ಕೈತಪ್ಪಿತೋ, ಬಂದ ದಾರಿಯಲ್ಲೇ ಹಿಂದಕ್ಕೆ ಓಡಿ ತನ್ನ ಕಡೆಯ ರಕ್ಷಣೆಗೆ ನಿಲ್ಲಬೇಕು. ತೊಂಬತ್ತು ನಿಮಿಷ ಇದೇ ಕೆಲಸ. ಹತ್ತು ಬಾರಿ ಓಡಿದರೆ ಎಂಟು ಬಾರಿ ಚೆಂಡು ಅವನಿಗೆ ಬರುವುದೇ ಇಲ್ಲ; ಆದರೂ ಓಡಲೇಬೇಕು, ಏಕೆಂದರೆ ಅವನು ಓಡಿದರೆ ಮಾತ್ರ ಎದುರಾಳಿಗಳು ಅತ್ತ ಸರಿದು ನಡುವೆ ಜಾಗ ತೆರವಾಗುತ್ತದೆ. ಅಡಿಕೆ ಕೊಯ್ಲಿನಲ್ಲಿ ಮರದ ಮೇಲಿರುವ ಕೊನೆಗಾರನನ್ನು ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ಕೆಳಗೆ ಹಗ್ಗ ಹಿಡಿದು, ಕೊನೆ ನೆಲಕ್ಕೆ ಬಡಿಯದಂತೆ ಇಳಿಸಿಕೊಳ್ಳುವವನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಗೋಲು ಹೊಡೆಯುವವನಿಗೂ ವಿಂಗರನಿಗೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಇಷ್ಟೇ.

ನಾನು ಆರಿಸಿಕೊಂಡ ಆಟಗಾರ ಉದಾಂತ ಸಿಂಗ್. ಅವರು ಕನ್ನಡಿಗರಲ್ಲ, ಮಣಿಪುರದವರು. ಆದರೂ ಬೆಂಗಳೂರು ತಂಡದ ಅಂಗಿ ತೊಟ್ಟು ಒಂಬತ್ತು ವರ್ಷ ಆಡಿದವರಾದ್ದರಿಂದ ಅವರನ್ನು ನಮ್ಮವರೆಂದುಕೊಳ್ಳುವುದರಲ್ಲಿ ತಪ್ಪಿಲ್ಲ. ಅವರ ವೃತ್ತಿಯ ಅರ್ಥ ತಿಳಿಯಬೇಕಾದರೆ ಹಿಂದಿನ ಒಂದು ಕಥೆಯನ್ನು ಮೊದಲು ಹೇಳಬೇಕು.

ಅಹಮದ್ ಖಾನ್ ಹುಟ್ಟಿದ್ದು ೧೯೨೬ರಲ್ಲಿ, ಬೆಂಗಳೂರಿನಲ್ಲಿ. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನೆದುರು ಆಡಿ ೨–೧ರಿಂದ ಸೋತ ಭಾರತ ತಂಡದಲ್ಲಿ ಅವರಿದ್ದರು. ಆ ತಂಡದ ಬಹುಪಾಲು ಆಟಗಾರರು ಬರಿಗಾಲಿನವರು. ಮರುವರ್ಷ ಅವರು ಕಲಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ – ಈ ಐವರು ಮುನ್ನಾಟಗಾರರನ್ನು ಕಲಕತ್ತೆಯ ಜನ ‘ಪಂಚಪಾಂಡವರು’ ಎಂದು ಕರೆದರು. ಐವರೂ ದಕ್ಷಿಣದವರೆಂಬುದನ್ನು ಗಮನಿಸಬೇಕು. ಇವರ ಕಾಲದಲ್ಲಿ ಈಸ್ಟ್ ಬೆಂಗಾಲ್ ೧೯೪೯, ೧೯೫೦, ೧೯೫೧ ಹೀಗೆ ಸತತ ಮೂರು ವರ್ಷ ಐ.ಎಫ್.ಎ. ಶೀಲ್ಡನ್ನು ಗೆದ್ದುಕೊಂಡಿತು. ೧೯೫೧ರ ದಿಲ್ಲಿಯ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅಹಮದ್ ಖಾನ್ ಇದ್ದರು. ೧೯೫೨ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು ೧೦–೧ರಿಂದ ಸೋಲಿಸಿದಾಗ ಆ ಒಂದೇ ಒಂದು ಗೋಲು ಅವರದು.

ಬೆಂಗಳೂರಿನ ಹುಡುಗ ಇಷ್ಟು ದೂರ ಏಕೆ ಹೋಗಬೇಕಾಯಿತು? ಬೆಂಗಳೂರಿನಲ್ಲಿ ಆಟವಿರಲಿಲ್ಲವೆಂದಲ್ಲ. ೧೯೪೬ರಲ್ಲಿಯೂ ೧೯೫೨ರಲ್ಲಿಯೂ ಮೈಸೂರು ತಂಡ ಬಂಗಾಳವನ್ನೇ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು. ಇಲ್ಲದ್ದು ಆಟದಿಂದ ಅನ್ನ ಹುಟ್ಟುವ ದಾರಿ. ಆ ಕಾಲದ ಆಟಗಾರ ಹೆಸರಿಗೆ ಹವ್ಯಾಸಿ. ಹೊಟ್ಟೆಗೆ ರೈಲ್ವೆಯದೋ ಕಾರ್ಖಾನೆಯದೋ ನೌಕರಿ, ಇಲ್ಲವೇ ಕಲಕತ್ತೆಯ ದೊಡ್ಡ ಕ್ಲಬ್ಬುಗಳ ಆಸರೆ.

೨೦೧೩ರಲ್ಲಿ ಬೆಂಗಳೂರು ಫುಟ್‌ಬಾಲ್ ಕ್ಲಬ್ ಸ್ಥಾಪನೆಯಾದ ಮೇಲೆ ಈ ಹೊಳೆ ಹಿಂದಕ್ಕೆ ಹರಿಯತೊಡಗಿತೆನ್ನಬಹುದು. ಮೊದಲ ವರ್ಷದಲ್ಲೇ ತಂಡ ಐ-ಲೀಗ್ ಗೆದ್ದಿತು. ೨೦೧೪ರಲ್ಲಿ, ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಕಲಿತು ಮುಗಿಸಿದ ಹದಿನೆಂಟರ ಉದಾಂತ ಬೆಂಗಳೂರಿಗೆ ಬಂದರು. ನಮ್ಮಲ್ಲಿ ಪದವಿ ಮುಗಿಸಿದವರು ತಾಳಗುಪ್ಪದಿಂದ ಹೊರಡುವ ರಾತ್ರಿ ರೈಲನ್ನು ಹತ್ತಿ, ಬೆಳಗಾಗುವಷ್ಟರಲ್ಲಿ ಅದೇ ಊರಿನಲ್ಲಿ ಇಳಿದು ಕೆಲಸ ಹುಡುಕುತ್ತಾರೆ. ಅವರ ಕೈಯಲ್ಲಿ ಅಂಕಪಟ್ಟಿ. ಈ ಹುಡುಗನಿಗೆ ಇದ್ದದ್ದು ಕಾಲಿನ ವೇಗವೊಂದೇ. ಮನೆಯಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲೇರಿದ ನನ್ನಂಥವರಿಗೆ ಈ ಹೋಲಿಕೆ ಸುಮ್ಮನೆ ಹೊಳೆಯುವುದಿಲ್ಲ. ಅಂಕಪಟ್ಟಿ ಅರುವತ್ತು ವರ್ಷದವರೆಗೂ ನಡೆಯುವ ನಾಣ್ಯ. ವಿಂಗರನ ವೇಗಕ್ಕೆ ಮೂವತ್ತರ ಆಚೆಗೆ ಬೆಲೆ ಇಳಿಯುತ್ತದೆ.

ಆ ವೇಗವನ್ನು ಬೆಂಗಳೂರು ಚೆನ್ನಾಗಿ ಬಳಸಿಕೊಂಡಿತು. ಅವರಿದ್ದ ಒಂಬತ್ತು ವರ್ಷಗಳಲ್ಲಿ ತಂಡ ಎರಡು ಫೆಡರೇಷನ್ ಕಪ್, ೨೦೧೫–೧೬ರ ಐ-ಲೀಗ್, ೨೦೧೮ರ ಸೂಪರ್ ಕಪ್, ೨೦೧೮–೧೯ರ ಇಂಡಿಯನ್ ಸೂಪರ್ ಲೀಗ್, ೨೦೨೨ರ ಡ್ಯೂರಾಂಡ್ ಕಪ್‌ಗಳನ್ನು ಗೆದ್ದಿತು. ೨೦೧೬ರಲ್ಲಿ ಎ.ಎಫ್.ಸಿ. ಕಪ್ಪಿನ ಸೆಮಿಫೈನಲ್ಲಿನಲ್ಲಿ ಮಲೇಷಿಯದ ಜೊಹೋರ್ ತಂಡವನ್ನು ಕಂಠೀರವ ಕ್ರೀಡಾಂಗಣದಲ್ಲಿ ೩–೧ರಿಂದ ಸೋಲಿಸಿ, ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ದೋಹಾದಲ್ಲಿ ಇರಾಕಿನ ವಾಯುಪಡೆ ತಂಡದೆದುರು ಒಂದೇ ಗೋಲಿನಿಂದ ಸೋತಿತು. ಸೂಪರ್ ಕಪ್ಪಿನ ಫೈನಲ್ಲಿನಲ್ಲಿ ಬೆಂಗಳೂರು ೪–೧ರಿಂದ ಸೋಲಿಸಿದ್ದು ಈಸ್ಟ್ ಬೆಂಗಾಲನ್ನು! ಅಹಮದ್ ಖಾನ್ ಅದಕ್ಕೆ ಎಂಟು ತಿಂಗಳ ಹಿಂದೆಯಷ್ಟೇ, ೨೦೧೭ರ ಆಗಸ್ಟಿನಲ್ಲಿ, ತಮ್ಮ ಹುಟ್ಟೂರಿನಲ್ಲಿ ತೀರಿಕೊಂಡಿದ್ದರು.

ಇನ್ನು ೨೦೧೯ನೆಯ ಇಸವಿಯ ವಿಷಯ. ಉದಾಂತರ ವೃತ್ತಿಯಲ್ಲಿ ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವ ವರ್ಷ ನನಗೆ ಕಾಣುವುದಿಲ್ಲ. ಜನವರಿ ೬ರಂದು ಅಬುಧಾಬಿಯಲ್ಲಿ ಏಷ್ಯನ್ ಕಪ್ಪಿನ ಮೊದಲ ಪಂದ್ಯದಲ್ಲಿ ಭಾರತ ಥಾಯ್ಲೆಂಡನ್ನು ೪–೧ರಿಂದ ಸೋಲಿಸಿತು. ಎರಡನೆಯ ಗೋಲು: ಬಲಬದಿಯಿಂದ ಉದಾಂತ ದಾಟಿಸಿದ ಚೆಂಡನ್ನು ಆಶಿಕ್ ಕುರುಣಿಯನ್ ತಟ್ಟಿಬಿಟ್ಟರು, ಸುನಿಲ್ ಛೇತ್ರಿ ಒಳಗೆ ಹೊಡೆದರು. ಮೂರನೆಯದು: ಉದಾಂತ ಕೊಟ್ಟ ಚೆಂಡನ್ನು ಅನಿರುದ್ಧ ಥಾಪಾ ಗೋಲಿಯ ಮೇಲಿಂದ ಎತ್ತಿ ಹಾಕಿದರು. ಗೋಲು ಹೊಡೆದವರ ಪಟ್ಟಿಯಲ್ಲಿ ಉದಾಂತರ ಹೆಸರಿಲ್ಲ. ನಾಲ್ಕು ದಿನಗಳ ಮೇಲೆ ಸಂಯುಕ್ತ ಅರಬ್ ಎಮಿರೇಟ್ಸಿನೆದುರು ಅವರೇ ಹೊಡೆದ ಚೆಂಡು ಗೋಲಿನ ಅಡ್ಡಪಟ್ಟಿಗೆ ಬಡಿದು ಹಿಂತಿರುಗಿತು. ಭಾರತ ೨–೦ಯಿಂದ ಸೋತಿತು. ಬಹರೈನಿನೆದುರು ಕೊನೆಯ ಗಳಿಗೆಯ ಪೆನಾಲ್ಟಿಯಿಂದ ಸೋತು ತಂಡ ಮನೆಗೆ ಬಂತು. ಸೆಪ್ಟೆಂಬರ್ ೫ರಂದು ಗುವಾಹಟಿಯಲ್ಲಿ ಒಮಾನಿನೆದುರು ವಿಶ್ವಕಪ್ ಅರ್ಹತಾ ಪಂದ್ಯ: ಅವರ ಹೊಡೆತ ಮತ್ತೆ ಅಡ್ಡಪಟ್ಟಿಗೆ, ಭಾರತಕ್ಕೆ ೨–೧ರ ಸೋಲು. ಐದು ದಿನ ಕಳೆದು ದೋಹಾದಲ್ಲಿ, ಅದೇ ವರ್ಷ ಏಷ್ಯದ ಚಾಂಪಿಯನ್ ಆಗಿದ್ದ ಕತಾರಿನೆದುರು ಅವರ ಹೊಡೆತ ಕಂಬಕ್ಕೆ, ಪಂದ್ಯ ೦–೦. ಒಂದು ವರ್ಷದಲ್ಲಿ ಮೂರು ಬಾರಿ ಕಂಬ, ಪಟ್ಟಿ! ನಾಲ್ಕು ಬೆರಳಿನ ಅಂತರ. ಅಷ್ಟು ಒಳಗೆ ಸರಿದಿದ್ದರೆ ಇವರ ಹೆಸರು ದೇಶದ ಬಾಯಲ್ಲಿರುತ್ತಿತ್ತೆಂದು ನನ್ನ ಎಣಿಕೆ. ಇದನ್ನು ದುರದೃಷ್ಟವೆಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಒಮಾನ್, ಕತಾರ್‌ಗಳಂಥ ತಂಡಗಳ ಗೋಲುಕಂಬದವರೆಗೆ ಚೆಂಡನ್ನು ಒಯ್ಯಲು ನಮ್ಮಲ್ಲಿ ಎಷ್ಟು ಜನರಿಂದ ಸಾಧ್ಯವಾಗಿತ್ತು?

ನೆರೆಯ ಚೀನಾದ ಒಂದು ನಿದರ್ಶನವನ್ನು ಇಲ್ಲಿ ಸ್ಮರಿಸಬಹುದು. ನಾನ್‌ಜಿಂಗಿನಲ್ಲಿ ೧೯೯೧ರಲ್ಲಿ ಹುಟ್ಟಿದ ವು ಲೇ ಹದಿನಾಲ್ಕು ವರ್ಷಕ್ಕೇ ಶಾಂಘೈಯ ತಂಡವೊಂದರಲ್ಲಿ ಲೀಗ್ ಪಂದ್ಯ ಆಡಿದರು. ಬದಿಯಿಂದ ಒಳನುಗ್ಗಿ ಗೋಲು ಹೊಡೆಯುವುದು ಅವರ ರೀತಿ. ೨೦೧೮ರಲ್ಲಿ ಚೀನಾದ ಲೀಗಿನಲ್ಲಿ ೨೭ ಗೋಲು ಹೊಡೆದು, ೨೦೧೯ರ ಜನವರಿಯಲ್ಲಿ ಸ್ಪೇನಿನ ಎಸ್ಪಾನ್ಯೋಲ್ ತಂಡಕ್ಕೆ ಹೋದರು. ೨೦೨೦ರ ಜನವರಿ ೪ರಂದು ಬಾರ್ಸಿಲೋನದೆದುರು ೮೮ನೆಯ ನಿಮಿಷದಲ್ಲಿ ಅವರು ಹೊಡೆದ ಗೋಲಿನಿಂದ ಪಂದ್ಯ ೨–೨ರ ಸಮವಾಯಿತು. ಆದರೆ ಆ ವರ್ಷವೇ ಎಸ್ಪಾನ್ಯೋಲ್ ಕೆಳದರ್ಜೆಗೆ ಇಳಿಯಿತು. ೨೦೨೨ರಲ್ಲಿ ವು ಲೇ ಶಾಂಘೈಗೆ ಮರಳಿದರು. ನೂರು ಕೋಟಿ ಮೀರಿದ ಜನರಿರುವ ದೇಶದಲ್ಲಿ ಒಬ್ಬ ಆಟಗಾರನ ಒಂದು ಗೋಲನ್ನು ಜನ ಎಷ್ಟು ಕಾಲ ಕೊಂಡಾಡಬಹುದೆಂಬುದಕ್ಕೆ ಇದು ಸಾಕ್ಷಿ. ನಮ್ಮ ಉದಾಂತರಿಗೆ ಆ ಒಂದು ಗೋಲೂ ಒದಗಲಿಲ್ಲ.

ಒದಗಿದ್ದು ಬೇರೆ. ೨೦೨೩ರ ಜೂನ್ ೨೧ರಂದು ಅದೇ ಕಂಠೀರವದಲ್ಲಿ, ಸುರಿಯುವ ಮಳೆಯಲ್ಲಿ, ದಕ್ಷಿಣ ಏಷ್ಯ ಪಂದ್ಯಾವಳಿಯ ಆಟ ನಡೆಯಿತು. ಭಾರತ ಪಾಕಿಸ್ತಾನವನ್ನು ೪–೦ಯಿಂದ ಸೋಲಿಸಿತು: ಮೂರು ಗೋಲು ಛೇತ್ರಿಯವರದು, ಕೊನೆಯದು ಬದಲಿ ಆಟಗಾರನಾಗಿ ಇಳಿದ ಉದಾಂತರದು. ಹದಿಮೂರು ದಿನ ಕಳೆದು ಅಲ್ಲಿಯೇ ಕುವೈತಿನೆದುರು ಫೈನಲ್. ಪಂದ್ಯ ೧–೧ರ ಸಮವಾಗಿ ಪೆನಾಲ್ಟಿಗೆ ಹೋದಾಗ ಉದಾಂತರ ಹೊಡೆತ ಗುರಿ ತಪ್ಪಿತು. ಆದರೂ ಭಾರತ ೫–೪ರಿಂದ ಗೆದ್ದಿತು. ಆ ವರ್ಷವೇ ಅವರು ಬೆಂಗಳೂರನ್ನು ಬಿಟ್ಟು ಗೋವಾ ತಂಡ ಸೇರಿದರು.

೨೦೨೫ರ ಏಪ್ರಿಲಿನಲ್ಲಿ ಸೂಪರ್ ಲೀಗಿನ ಸೆಮಿಫೈನಲ್ಲಿನಲ್ಲಿ ಗೋವಾ, ಬೆಂಗಳೂರು ಎದುರಾದವು. ಎರಡು ಪಂದ್ಯಗಳ ಮೊತ್ತದಲ್ಲಿ ಗೋವಾ ಒಂದು ಗೋಲಿನಿಂದ ಸೋತು ಹೊರಬಿತ್ತು. ಎರಡನೆಯ ಪಂದ್ಯದ ಹೆಚ್ಚುವರಿ ಗಳಿಗೆಯಲ್ಲಿ ಆ ಗೋಲನ್ನು ತಲೆಯಿಂದ ಒಳಹಾಕಿದವರು, ಉದಾಂತ ಒಂಬತ್ತು ವರ್ಷ ಯಾರಿಗಾಗಿ ಗೆರೆಯಂಚಿನಿಂದ ಚೆಂಡು ದಾಟಿಸಿದ್ದರೋ ಆ ಸುನಿಲ್ ಛೇತ್ರಿಯವರೇ.