ಮನೆಯಲ್ಲೇ ದುಡಿಯುವವರೇ, ಕೆಲಸಕ್ಕೊಂದು ಮಿತಿ ಇರಲಿ

ರವಿಕೆ ಹೊಲಿಯುವವರು, ಅನುವಾದ ಮಾಡುವವರು, ಲೆಕ್ಕಪತ್ರ ಬರೆದುಕೊಡುವವರು, ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಸಿದ್ಧಪಡಿಸುವವರು ಹೀಗೆ ಮನೆಯಲ್ಲೇ ಕುಳಿತು ಸ್ವಂತವಾಗಿ ದುಡಿಯುವವರು ಇಂದು ಬಹಳ ಮಂದಿ. 'ನಮಗೆ ನಾವೇ ಯಜಮಾನರು' ಎಂಬ ಸಮಾಧಾನ ಇವರಿಗುಂಟು. ಆದರೆ ತಲೆನೋವು, ಕುತ್ತಿಗೆ ನೋವು, ಎದೆಯುರಿ, ನಿದ್ರಾಹೀನತೆ ಎಂದು ವೈದ್ಯರ ಬಳಿ ಬಂದಾಗ ವಿಚಾರಿಸಿದರೆ, ಪ್ರತಿಯೊಬ್ಬ ಗಿರಾಕಿಯೂ ಇವರಿಗೆ ಯಜಮಾನನೇ ಎಂಬುದು ತಿಳಿಯುತ್ತದೆ.

ಅತಿ ದುಡಿಮೆಯ ಪರಿಣಾಮ

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿಯಾಗಿ ಪ್ರಕಟಿಸಿದ ಅಧ್ಯಯನವನ್ನು ಗಮನಿಸಿ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ, 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಸಂಭವ ಶೇ. 35ರಷ್ಟು ಹೆಚ್ಚು. ಹೃದಯದ ರಕ್ತನಾಳಗಳ ಕಾಯಿಲೆಯಿಂದ ಸಾಯುವ ಸಂಭವ ಶೇ. 17ರಷ್ಟು ಹೆಚ್ಚು.

ಒತ್ತಡವಿದ್ದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಹೆಚ್ಚುತ್ತವೆ, ರಕ್ತದೊತ್ತಡ ಏರುತ್ತದೆ. ವಿಶ್ರಾಂತಿ ದೊರೆತರೆ ಅದು ಇಳಿಯುತ್ತದೆ. ವಿಶ್ರಾಂತಿಯೇ ಇಲ್ಲದಿದ್ದರೆ? ಜೊತೆಗೆ ಹೊತ್ತಿಗೆ ಸರಿಯಾಗಿ ಊಟವಿಲ್ಲ, ನಡಿಗೆಯಿಲ್ಲ, ಕಾಫಿಗೆ ಲೆಕ್ಕವಿಲ್ಲ.

ಕಾರ್ಖಾನೆಯ ಕಾರ್ಮಿಕನಿಗೆ 1948ರ ಕಾಯ್ದೆಯೇ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಮನೆಯಲ್ಲಿ ಸ್ವಂತಕ್ಕೆ ದುಡಿಯುವವರು ಆ ಮಿತಿಯನ್ನು ತಾವೇ ಹಾಕಿಕೊಳ್ಳಬೇಕು.

ಏನು ಮಾಡಬೇಕು?

1. ಕೆಲಸ ಒಪ್ಪಿಕೊಳ್ಳುವಾಗಲೇ ನಿಮ್ಮ ವೇಳೆಯನ್ನು ತಿಳಿಸಿ. ಉದಾಹರಣೆಗೆ, ಬೆಳಿಗ್ಗೆ 10ರಿಂದ ಸಂಜೆ 6. ವಾರಕ್ಕೊಂದು ದಿನ ರಜೆ.

2. ಯಾವ ಕೆಲಸ, ಎಂದು ಕೊಡುವುದು, ಮುಂಗಡವೆಷ್ಟು ಎಂಬುದನ್ನು ಚೀಟಿಯಲ್ಲಿ ಬರೆದುಕೊಡಿ. ಎರಡು ಸಲ ತಿದ್ದಿಕೊಡುವುದು ಉಚಿತ, ಮೂರನೆಯದಕ್ಕೆ ಬೇರೆ ದರ ಎಂದೂ ಸೇರಿಸಿ.

3. ರಾತ್ರಿ ಬಂದ ಫೋನಿಗೆ ಬೆಳಿಗ್ಗೆ ಉತ್ತರಿಸಿ. ಒಮ್ಮೆ ಹನ್ನೊಂದು ಗಂಟೆಗೆ ಮಾತನಾಡಿದರೆ ಅದೇ ರೂಢಿಯಾಗುತ್ತದೆ.

4. 'ನಾಳೆಯೇ ಬೇಕು' ಎಂದವರಿಗೆ 'ಶುಕ್ರವಾರ ಕೊಡಬಲ್ಲೆ' ಎಂದು ನಗುಮುಖದಿಂದ ಹೇಳಿ. ಕಾರಣಗಳನ್ನು ವಿವರಿಸುತ್ತಾ ಕೂರಬೇಡಿ.

ಮನೆಯವರೂ ಸಹಕರಿಸಬೇಕು. ರಾತ್ರಿ ಬಾಗಿಲಿಗೆ ಬಂದವರಿಗೆ 'ಬೆಳಿಗ್ಗೆ ಬನ್ನಿ' ಎನ್ನುವ ಕೆಲಸವನ್ನು ಮಗನೋ ಸೊಸೆಯೋ ವಹಿಸಿಕೊಳ್ಳಲಿ.

ಗಿರಾಕಿ ಕೈಬಿಟ್ಟುಹೋದರೆ?

ಈ ಭಯ ಸಹಜ. ಒಬ್ಬಿಬ್ಬರು ಹೋಗಲೂಬಹುದು. ಆದರೆ ಹೇಳಿದ ದಿನಕ್ಕೆ ಕೆಲಸ ಮುಗಿಸಿಕೊಡುವವರನ್ನು ಬಿಟ್ಟುಹೋಗುವವರು ಕಡಿಮೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹಣಕ್ಕಷ್ಟೇ ಅಲ್ಲ, ವೇಳೆಗೂ ಸಲ್ಲುತ್ತದೆ. ಹಬ್ಬ, ಮದುವೆಯ ಕಾಲದಲ್ಲಿ ನಾಲ್ಕು ದಿನ ಹೆಚ್ಚು ದುಡಿದರೆ ತೊಂದರೆಯಿಲ್ಲ. ವರ್ಷವಿಡೀ ಹಾಗೆಯೇ ನಡೆದರೆ ಅಪಾಯ. ನಿಮಗೆ ಸಂಬಳ ಸಹಿತ ರಜೆಯಿಲ್ಲ. ನೀವು ಹಾಸಿಗೆ ಹಿಡಿದ ದಿನವೇ ಮನೆಯ ಆದಾಯವೂ ನಿಲ್ಲುತ್ತದೆ.

ಏಳು ಗಂಟೆಯಾದರೂ ನಿದ್ರೆ ಮಾಡಿ. ಗಂಟೆಗೊಮ್ಮೆ ಎದ್ದು ಓಡಾಡಿ. ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ. ಎದೆ ಹಿಂಡಿದಂತಾದರೆ, ಮಾತು ತೊದಲಿದರೆ, ಒಂದು ಪಕ್ಕದ ಕೈಕಾಲು ಸೋತರೆ 'ಇದೊಂದು ಮುಗಿಸಿಬಿಡುತ್ತೇನೆ' ಎನ್ನದೆ ಕೂಡಲೇ ಆಸ್ಪತ್ರೆಗೆ ಹೋಗಿ.