ಇಂಗ್ಲಿಷ್ ಸಂಭಾಷಣೆಯ ತರಗತಿಗೆ ಎಂತಹ ವಿಷಯ ಬೇಕು?

ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಓದಬಲ್ಲವರಿಗೆ ಕೊರತೆಯಿಲ್ಲ, ಬರೆಯಬಲ್ಲವರೂ ಇದ್ದಾರೆ. ಆದರೆ ಎದ್ದು ನಿಂತು ಎರಡು ನಿಮಿಷ ಮಾತನಾಡಿರೆಂದರೆ ನಮ್ಮಲ್ಲಿ ಬಹುಮಂದಿಗೆ ನಾಲಗೆಯೇ ಏಳದು. ವ್ಯಾಕರಣದ ಅಜ್ಞಾನವೇ ಇದಕ್ಕೆ ಕಾರಣವೆಂದು ಹೇಳುವುದು ವಾಡಿಕೆ. ಮೂರು ವರ್ಷ ಸಂಭಾಷಣೆಯ ತರಗತಿಯಲ್ಲಿ ಕುಳಿತು ನಾನು ಕಂಡುಕೊಂಡದ್ದು ಬೇರೆ. ಅನೇಕ ವೇಳೆ ತಪ್ಪು ನಾಲಗೆಯದಲ್ಲ, ಕೊಟ್ಟ ವಿಷಯದ್ದು.

ಮೊದಲ ವರ್ಷ ನನಗೆ ಬಂದ ವಿಷಯ, ರಜೆಯಲ್ಲಿ ಕೈಗೊಂಡ ಪ್ರವಾಸ. ನಮ್ಮ ಮನೆಯಲ್ಲಿ ಬೇಸಿಗೆ ರಜೆಯೆಂದರೆ ಹೊಲಕ್ಕೆ ಗೊಬ್ಬರ ಹೊಡೆಯುವ ಕಾಲ. ಪ್ರವಾಸವನ್ನೇ ಮಾಡದವನು ಅದನ್ನು ಯಾವ ಭಾಷೆಯಲ್ಲಿ ತಾನೆ ವರ್ಣಿಸಿಯಾನು? ಕನ್ನಡದಲ್ಲಿ ಕೇಳಿದ್ದರೂ ನಾನು ಅಂದು ಮೂಕನೇ. ಇನ್ನು ‘ವಿಜ್ಞಾನ ವರವೋ ಶಾಪವೋ’ ಎಂಬಂತಹ ವಿಷಯಗಳು ಆಕಾಶದಷ್ಟು ವಿಶಾಲ. ಅವಕ್ಕೆ ನಾವು ಪ್ರಬಂಧದ ಪುಸ್ತಕ ಬಾಯಿಪಾಠ ಮಾಡಿ ಒಪ್ಪಿಸುತ್ತೇವೆ. ಅದು ಕಂಠಪಾಠವಾದೀತೇ ಹೊರತು ಸಂಭಾಷಣೆಯಾಗದು.

ವಿಷಯವು ಮಾತನಾಡುವವನನ್ನು ತಟ್ಟಬೇಕು. ಇದಕ್ಕೆ ಇತಿಹಾಸದಲ್ಲಿ ಒಳ್ಳೆಯ ನಿದರ್ಶನವಿದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಯೂನಿಯನ್ 1823ರಲ್ಲಿ ಸ್ಥಾಪಿತವಾದ ವಿದ್ಯಾರ್ಥಿಗಳ ಚರ್ಚಾಕೂಟ. ಯಾವ ಸಂದರ್ಭದಲ್ಲಿಯೂ ರಾಜನಿಗಾಗಿ, ದೇಶಕ್ಕಾಗಿ ಈ ಸಭೆ ಹೋರಾಡದು ಎಂಬ ನಿರ್ಣಯ 1933ರ ಫೆಬ್ರವರಿ 9ರಂದು ಅಲ್ಲಿ ಚರ್ಚೆಗೆ ಬಂತು. ಪರವಾಗಿ 275, ವಿರುದ್ಧವಾಗಿ 153 ಮತಗಳು ಬಿದ್ದವು. ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೆದ್ದಿತು. ಯುದ್ಧ ಬಂದರೆ ಹೋಗಬೇಕಾದವರು ಆ ಸಭೆಯಲ್ಲಿದ್ದ ತರುಣರೇ ತಾನೆ! ಆ ಚರ್ಚೆಗೆ ಅಷ್ಟು ಕಾವು ಬಂದದ್ದರಲ್ಲಿ ಆಶ್ಚರ್ಯವೇನು?

ನಮ್ಮನ್ನು ತಟ್ಟುವ ವಿಷಯಗಳಿಗೆ ಆಕ್ಸ್‌ಫರ್ಡಿನವರೆಗೆ ಹೋಗಬೇಕಿಲ್ಲ. ನಮ್ಮ ರಾಜ್ಯದಲ್ಲಿ 2023ರ ಜೂನ್ 11ರಂದು ಸ್ತ್ರೀಯರಿಗೆ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ ಆರಂಭವಾಯಿತು. ನಮ್ಮ ಅಧ್ಯಾಪಕರು ಒಂದು ದಿನ ಅದನ್ನೇ ವಿಷಯವಾಗಿಟ್ಟರು. ಹಿಂದಿನ ಬೆಂಚಿನಿಂದ ಎಂದೂ ಬಾಯಿ ತೆರೆಯದ ಸಹಪಾಠಿನಿ ಎದ್ದು, “ನೌ ಐ ಡೋಂಟ್ ಆಸ್ಕ್ ಮೈ ಫಾದರ್” ಎಂದಳು. ಬಸ್ಸಿನ ಕಾಸಿಗೆ ದಿನವೂ ಅಪ್ಪನ ಮುಂದೆ ನಿಲ್ಲುವ ಕಷ್ಟವೆಲ್ಲ ಆ ಒಂದು ವಾಕ್ಯದಲ್ಲಿತ್ತು. ನಾನು ಎದುರು ಪಕ್ಷ. “ಐ ಪೇ, ಬಟ್ ಐ ಸ್ಟ್ಯಾಂಡ್. ಫಸ್ಟ್ ಗಿವ್ ಮೋರ್ ಬಸ್” ಎಂದೆ. ತರಗತಿ ನಕ್ಕಿತು, ನಕ್ಕದ್ದು ನನ್ನ ಮಾತಿಗೆ, ವ್ಯಾಕರಣಕ್ಕಲ್ಲ. ‘ಬಸಸ್’ ಎಂದು ಅಧ್ಯಾಪಕರು ಮೆಲ್ಲನೆ ತಿದ್ದಿದರು. ಆ ತಿದ್ದುಪಡಿಯನ್ನು ನಾನು ಇಂದಿಗೂ ಮರೆತಿಲ್ಲ.

ಈ ಅನುಭವದಿಂದ ಕೆಲವು ಸೂಚನೆಗಳನ್ನು ಮಿತ್ರರ ಮುಂದಿಡುತ್ತೇನೆ. ಮೊದಲನೆಯದಾಗಿ, ವಿಷಯ ಚಿಕ್ಕದಾಗಿರಲಿ. ‘ಶಿಕ್ಷಣ’ ಎನ್ನುವ ಬದಲು ‘ಹಾಜರಾತಿ ಕಡ್ಡಾಯವಾಗಿರಬೇಕೆ?’ ಎನ್ನೋಣ. ಎರಡನೆಯದಾಗಿ, ಅದಕ್ಕೆ ನಿಜವಾಗಿಯೂ ಎರಡು ಪಕ್ಷಗಳಿರಲಿ. ‘ಸ್ವಚ್ಛತೆ ಒಳ್ಳೆಯದು’ ಎಂಬುದನ್ನು ಯಾರು ವಿರೋಧಿಸಿಯಾರು? ಮೂರನೆಯದಾಗಿ, ಬೇಕಾಗುವ ಹತ್ತು ಹನ್ನೆರಡು ಪದಗಳನ್ನೂ, ‘ಐ ಥಿಂಕ್’, ‘ಐ ಡೋಂಟ್ ಅಗ್ರೀ’, ‘ಯೂ ಆರ್ ರೈಟ್, ಬಟ್’ ಎಂಬ ಮಾತುಗಳನ್ನೂ ಮೊದಲೇ ಕರಿಹಲಗೆಯ ಮೇಲೆ ಬರೆದಿಡಲಿ. ನಾಲ್ಕನೆಯದಾಗಿ, ಮೊದಲು ಇಬ್ಬಿಬ್ಬರಾಗಿ ಐದು ನಿಮಿಷ ಮಾತನಾಡಿ ಅನಂತರ ಸಭೆಗೆ ಬರೋಣ. ಇದರಿಂದ ಅಂಜಿಕೆ ಅರ್ಧ ಕಳೆಯುತ್ತದೆ. ಕೊನೆಗೆ ಪಕ್ಷ ಬದಲಿಸಿ ಮತ್ತೊಮ್ಮೆ ಮಾತನಾಡೋಣ. ಅಂದು ನಾನು ಪಕ್ಷ ಬದಲಿಸಿ ಮಾತನಾಡಿದಾಗಲೇ ಆ ಸಹಪಾಠಿನಿಯ ಮಾತಿನ ತೂಕ ನನಗೆ ತಿಳಿದದ್ದು. ವಾದದಲ್ಲಿ ಗೆಲ್ಲುವುದಷ್ಟೇ ಗುರಿಯಾದರೆ ಗಟ್ಟಿ ಗಂಟಲಿನ ನಾಲ್ವರು ಮಾತ್ರ ಮಾತನಾಡುತ್ತಾರೆ. ವಿಚಾರ ವಿನಿಮಯವಾದರೆ ನಲವತ್ತು ಮಂದಿಗೂ ಎಡೆಯುಂಟು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಬರುವ ವರ್ಷ ಕೆಲಸಕ್ಕಾಗಿ ಸಂದರ್ಶನಗಳಲ್ಲಿ ಕುಳಿತುಕೊಳ್ಳಬೇಕು. ಅಲ್ಲಿ ನನ್ನ ಇಂಗ್ಲಿಷನ್ನು ಅಳೆಯುವರು, ನಿಜ. ಆದರೆ ಹೇಳಲು ನನ್ನದೆಂಬ ಮಾತೇ ಇಲ್ಲದಿದ್ದರೆ ಅಳೆಯುವುದಾದರೂ ಏನನ್ನು? ನೀರಿಗಿಳಿಯದೆ ಈಜು ಬಾರದೆಂಬುದು ಎಲ್ಲರೂ ಬಲ್ಲ ಮಾತು. ನಾವು ಇಳಿಯಲು ಸಿದ್ಧರಿದ್ದೇವೆ. ಮೊದಲು ನಮ್ಮ ಊರ ಕೆರೆಯಲ್ಲಿಯೇ ಇಳಿಸಿರೆಂಬುದಷ್ಟೇ ಗುರುಗಳಲ್ಲಿ ನನ್ನ ವಿನಂತಿ.